ಗೆರೆ ದಾಟಿದ ಕಡ್ಡಿ

ಕಾಕ್ಸ್ ಟೌನಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಸನಾವುಲ್ಲಾನ ಅಂಗಡಿಯಿದೆ. ಝೆರಾಕ್ಸ್, ಡಿಟಿಪಿ, ಥೀಸಿಸ್ ಬೈಂಡಿಂಗ್ ಎಂದು ಬೋರ್ಡಿನ ಮೇಲೆ ಉದ್ದಕ್ಕೆ ಬರೆಸಿದ್ದಾನೆ. ಆದರೆ ಅಲ್ಲಿಗೆ ಬರುವವರು ಬೋರ್ಡು ಓದಿಕೊಂಡು ಬರುವುದಿಲ್ಲ, ಅಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಭಾಗ್ಯಲಕ್ಷ್ಮಿಯನ್ನು ಕೇಳಿಕೊಂಡು ಬರುತ್ತಾರೆ. ಡಾಕ್ಟರಿಕೆ ಓದುವವರು, ಎಂ.ಎಸ್ಸಿ.ಯವರು, ನರ್ಸಿಂಗಿನವರು, ಎಲ್ಲರೂ ಅಷ್ಟು ದಿನ ಎಲ್ಲಿ ಮಲಗಿರುತ್ತಾರೋ ದೇವರಿಗೇ ಗೊತ್ತು. ಥೀಸಿಸ್ ಕೊಡುವ ದಿನ ಹತ್ತಿರ ಬಂದಾಗ ಪೆನ್ ಡ್ರೈವ್ ಹಿಡಿದು ಏದುಸಿರು ಬಿಡುತ್ತಾ ಬಂದು, "ಮೇಡಂ, ಗ್ರಾಫಿಗೆ ಎರರ್ ಬಾರ್ ಹಾಕಿಲ್ಲ ಅಂತ ಗೈಡು ಬೈತಿದಾರೆ, ಪ್ಲೀಸ್ ಏನಾದ್ರೂ ಮಾಡಿ" ಎಂದು ಗೋಗರೆಯುತ್ತಾರೆ.

ಅಂಗಡಿಯವರು ಅದನ್ನು ಎರರ್ ಬಾರ್ ಅನ್ನುವುದಿಲ್ಲ, ಕಡ್ಡಿ ಅನ್ನುತ್ತಾರೆ. ಗ್ರಾಫಿನ ಪ್ರತಿ ಚುಕ್ಕೆಯಿಂದ ಒಂದಿಷ್ಟು ಮೇಲಕ್ಕೆ, ಒಂದಿಷ್ಟು ಕೆಳಕ್ಕೆ ಎಳೆದಿರುವ ಸಣ್ಣ ಗೀಟು, ಎರಡು ತುದಿಗೂ ಒಂದೊಂದು ಪುಟ್ಟ ಅಡ್ಡಪಟ್ಟಿ. ಅಳತೆ ಇಷ್ಟು ಬಂದಿದೆ ನಿಜ, ಆದರೆ ಇದಕ್ಕಿಂತ ಇಷ್ಟು ಹೆಚ್ಚೂ ಇರಬಹುದು, ಇಷ್ಟು ಕಡಿಮೆಯೂ ಇರಬಹುದು ಎಂದು ಒಪ್ಪಿಕೊಳ್ಳುವುದಕ್ಕೆ ಅದು ಇರುವುದು. ಆ ಬೀದಿಯಲ್ಲಿ ಇನ್ನೊಂದು ಅಂಗಡಿಯೂ ಇದೆ. ಅಲ್ಲಿನ ಹುಡುಗರು ಗ್ರಾಫಿನ ಪಕ್ಕದ ಪ್ಲಸ್ ಗುರುತು ಒತ್ತಿ, ಬರುವ ಪಟ್ಟಿಯಲ್ಲಿ ಒಂದು ಟಿಕ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಆಗ ಎಲ್ಲ ಚುಕ್ಕೆಗಳಿಗೂ ಒಂದೇ ಉದ್ದದ ಕಡ್ಡಿ ಬಂದು ಕೂರುತ್ತದೆ. ಭಾಗ್ಯಲಕ್ಷ್ಮಿ ಹಾಗೆ ಮಾಡುವವಳಲ್ಲ. ಅಳತೆಗಳ ಸರಾಸರಿ ಒಂದು ಸಾಲಿನಲ್ಲಿ, ಅವು ಎಷ್ಟು ಆಚೀಚೆ ಆಗಿವೆ ಅನ್ನುವುದು ಇನ್ನೊಂದು ಸಾಲಿನಲ್ಲಿ ಲೆಕ್ಕ ಹಾಕಿ, ಪಟ್ಟಿಯ ಕೊನೆಯಲ್ಲಿರುವ ಕಸ್ಟಮ್ ಎಂಬಲ್ಲಿಗೆ ಹೋಗಿ, ಮೇಲಿನದಕ್ಕೂ ಕೆಳಗಿನದಕ್ಕೂ ಆ ಸಾಲನ್ನೇ ಆರಿಸಿಕೊಟ್ಟು, ಪ್ರತಿ ಚುಕ್ಕೆಗೂ ಅದರದೇ ಉದ್ದದ ಕಡ್ಡಿ ಕೊಡುತ್ತಾಳೆ.

ಅವಳಿಗೆ ಇದನ್ನು ಕಲಿಸಿದವರು ಮೊದಮೊದಲು ಅಂಗಡಿಗೆ ಬರುತ್ತಿದ್ದ ಒಬ್ಬ ಲೆಕ್ಚರರ್. "ಒಂದು ಸಲ ಅಳೆದಿದ್ದನ್ನ ನಂಬಬೇಡಮ್ಮ, ಮೂರು ಸಲ ಅಳೆದು ಸರಾಸರಿ ತೆಗಿ, ಮೇಲೊಂದು ಕಡ್ಡಿ ಹಾಕು" ಎಂದಿದ್ದರು. ಪಿಯುಸಿಗೆ ಓದು ಬಿಟ್ಟಿದ್ದ ಭಾಗ್ಯ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಷ್ಟು ಗಟ್ಟಿಯೆಂದರೆ, ರಾಮಮೂರ್ತಿ ನಗರದ ಮನೆಗೆ ಆಟೋ ಹಿಡಿಯಬೇಕಾದರೂ ಮೂರು ಜನ ಡ್ರೈವರ್‌ಗಳನ್ನು ಕೇಳಿ, ಸರಾಸರಿ ಹಾಕಿ, ನಾಲ್ಕನೆಯವನ ಹತ್ತಿರ ಚೌಕಾಸಿಗೆ ನಿಲ್ಲುತ್ತಿದ್ದಳು. ಅವಳ ಗಂಡ ಮುರಳಿ ಕ್ಯಾಬ್ ಓಡಿಸುವವನು. "ನನ್ನನ್ನೂ ಹೀಗೇ ಮೂರು ಜನದಲ್ಲಿ ಸರಾಸರಿ ತೆಗೆದು ಕಟ್ಕೊಂಡ್ಯಾ?" ಎಂದು ರೇಗಿಸುತ್ತಿದ್ದ. ಅವಳು ನಗುತ್ತಿದ್ದಳೇ ಹೊರತು ಅಭ್ಯಾಸ ಬಿಡಲಿಲ್ಲ.

ಭಾಗ್ಯಳ ಅಪ್ಪ ಚಿಕ್ಕಮುನಿಯಪ್ಪ ಹಲಸೂರಿನ ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದವನು. ಶಿವಾಜಿನಗರದ ಮದುವೆ, ಫ್ರೇಜರ್ ಟೌನಿನ ಮದುವೆ, ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಂದು ನೋಡದೆ ಎಲ್ಲರ ಮುಂದೆಯೂ ಕೆಂಪು ಕೋಟು ತೊಟ್ಟು ಊದಿದವನು. ಮದುವೆಗಳಿಗೆ ಡಿಜೆ ಬಂದ ಮೇಲೆ ಬ್ಯಾಂಡಿನವರನ್ನು ಕರೆಯುವವರು ಕಡಿಮೆಯಾದರು, ಸೆಟ್ಟಿನ ಅರ್ಧ ಜನ ಬೇರೆ ಬೇರೆ ಕೆಲಸ ಹಿಡಿದರು. ಆದರೂ ಒಂದು ದಿನ ಮಾತ್ರ ಯಾವ ಡಿಜೆಗೂ ಬಿಟ್ಟುಕೊಡದೆ ಉಳಿಸಿಕೊಂಡಿದ್ದರು. ಏಪ್ರಿಲ್ ತಿಂಗಳಿನ ಅಂಬೇಡ್ಕರ್ ಜಯಂತಿ. ಅವತ್ತು ಅವರ ಬೀದಿಯಿಂದ ಮೆರವಣಿಗೆ ಹೊರಡುವ ಮೊದಲು ಬಾಬಾಸಾಹೇಬರ ಪಟದ ಮುಂದೆ ಒಬ್ಬನೇ ಒಬ್ಬ ಟ್ರಂಪೆಟ್ಟಿನವನು ಒಂದು ಹಾಡು ಊದಬೇಕು. ಅದು ಮುಗಿದ ಮೇಲೆಯೇ ಉಳಿದವರ ಡ್ರಮ್ಮು, ಕ್ಲಾರಿನೆಟ್ಟು. ಆ ಒಂದು ಹಾಡು ಭಾಗ್ಯ ಹುಟ್ಟುವ ಮುಂಚಿನಿಂದಲೂ ಚಿಕ್ಕಮುನಿಯಪ್ಪನದೇ. ಪ್ರತಿ ವರ್ಷ ಅವಳು ಬಿಳಿ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ನಿಂತು ಕೇಳುತ್ತಿದ್ದಳು. ಅವನು ಊದುವಾಗ ಸುತ್ತಲಿನವರು ತನ್ನ ಕಡೆಗೂ ಒಮ್ಮೆ ನೋಡುತ್ತಾರೆಂದು ಅವಳಿಗೆ ಗೊತ್ತಿತ್ತು, ಅದು ಅವಳಿಗೆ ಹಿತವಾಗಿಯೂ ಇತ್ತು.

ಹೆಂಡತಿ ತೀರಿಕೊಂಡ ಮೇಲೆ ಚಿಕ್ಕಮುನಿಯಪ್ಪ ಮಗಳ ಮನೆಗೇ ಬಂದ. ಬಂದ ಮೇಲೆ ಉಬ್ಬಸವೂ ಶುರುವಾಯಿತು. ಮೆಟ್ಟಿಲು ಹತ್ತಿದರೆ ಎದೆಯೊಳಗೆ ಸಿಳ್ಳೆ ಹೊಡೆದಂತೆ ಸದ್ದು. ಬಾಣಸವಾಡಿಯ ಒಬ್ಬ ಡಾಕ್ಟರು ಎದೆ ನೋಡಿ, ಎಳೆದುಕೊಳ್ಳುವ ಔಷಧಿ ಕೊಟ್ಟು, ಜೊತೆಗೆ ಒಂದು ಪ್ಲಾಸ್ಟಿಕ್ ಕೊಳವೆ ಕೊಂಡುಕೊಳ್ಳಿ ಎಂದರು. ಅದರೊಳಕ್ಕೆ ಜೋರಾಗಿ ಊದಿದರೆ ಮೇಲಿರುವ ಕೆಂಪು ಮುಳ್ಳು ಮುಂದಕ್ಕೆ ಜಾರಿ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಉಸಿರಿಗೆ ಎಷ್ಟು ಬಲವಿದೆ ಎಂದು ಹೇಳುವ ಮೀಟರು ಅದು.

ಚಿಕ್ಕಮುನಿಯಪ್ಪ ಕೇಳಿದ್ದು ಒಂದೇ. "ಏಪ್ರಿಲ್‌ನಲ್ಲಿ ನಾನು ಊದ್ಬೋದಾ ಸಾರ್?"

"ದಿನಾ ಬೆಳಿಗ್ಗೆ ಇದರಲ್ಲಿ ಮೂರು ಸಲ ಊದಿ ಬರೆದಿಡಿ" ಎಂದರು ಡಾಕ್ಟರು. "ಇನ್ನೂರೈವತ್ತರ ಮೇಲೆ ಬರ್ತಿದ್ರೆ ಕೂತ್ಕೊಂಡು ಒಂದು ಹಾಡು ಊದಿ, ತೊಂದರೆ ಇಲ್ಲ. ಕೆಳಗಡೆ ಬಂದ್ರೆ ಮಾತ್ರ ಟ್ರಂಪೆಟ್ ಮುಟ್ಟಬೇಡಿ, ಎದೆ ತಡೆಯಲ್ಲ."

ಮೂರರಲ್ಲಿ ಯಾವುದು ಇನ್ನೂರೈವತ್ತರ ಮೇಲಿರಬೇಕು ಎಂದು ಡಾಕ್ಟರು ಹೇಳಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಭಾಗ್ಯ ಕೇಳಲೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರೋ ಏನೋ. ಇವಳಿಗೆ ಮಾತ್ರ ಇದರಲ್ಲಿ ಕೇಳುವಂಥದ್ದು ಇದೆ ಅಂತಲೇ ಅನ್ನಿಸಲಿಲ್ಲ. ಮೂರು ಸಲ ಅಳೆದ ಮೇಲೆ ಏನು ಮಾಡಬೇಕು ಅನ್ನುವುದು ಅವಳು ದಿನಬೆಳಗಾದರೆ ಮಾಡುತ್ತಿದ್ದ ಕೆಲಸವೇ ಅಲ್ಲವೇ?

ಬೆಳಿಗ್ಗೆ ಕಾಫಿಗೆ ಮುಂಚೆ ಊದುವ ಕಾರ್ಯಕ್ರಮ. ಚಿಕ್ಕಮುನಿಯಪ್ಪ ಮಂಚದ ಅಂಚಿಗೆ ನೆಟ್ಟಗೆ ಕೂತು, ಗದ್ದ ಎತ್ತಿ, ಟ್ರಂಪೆಟ್ ಹಿಡಿದ ಗತ್ತಿನಲ್ಲೇ ಕೊಳವೆ ಹಿಡಿದು ಮೊದಲ ಸಲ ಊದುತ್ತಿದ್ದ. ಮುಳ್ಳು ಟಕ್ಕನೆ ಮುಂದಕ್ಕೆ ಹಾರುತ್ತಿತ್ತು. ಎರಡನೆಯ ಸಲಕ್ಕೆ ಅಷ್ಟು ಹುರುಪು ಇರುತ್ತಿರಲಿಲ್ಲ. ಮೂರನೆಯದನ್ನು ಟಿವಿ ಕಡೆ ನೋಡುತ್ತಾ ಕಾಟಾಚಾರಕ್ಕೆ ಊದುತ್ತಿದ್ದ.

"ಒಂದ್ ಸಲ ಊದಿದ್ಮೇಲೆ ಮುಗೀತಲ್ಲಮ್ಮ" ಎಂದು ಗೊಣಗುತ್ತಿದ್ದ. "ಮದುವೇಲಿ ಒಂದೇ ಹಾಡನ್ನ ಮೂರ್ ಸಲ ಊದ್ತಾರಾ?"

"ನಿಂಗೆ ಗೊತ್ತಾಗಲ್ಲ, ಸುಮ್ನೆ ಊದಪ್ಪ" ಎನ್ನುತ್ತಿದ್ದಳು ಭಾಗ್ಯ. ಮೂರೂ ಅಂಕಿಗಳನ್ನು ಫೋನಿನಲ್ಲಿ ಹಾಕಿಕೊಂಡು, ಅಂಗಡಿಗೆ ಹೋದ ಮೇಲೆ ಕಂಪ್ಯೂಟರಿಗೆ ಇಳಿಸುತ್ತಿದ್ದಳು. ದಿನಕ್ಕೊಂದು ಸರಾಸರಿಯ ಚುಕ್ಕೆ, ಚುಕ್ಕೆಗೊಂದು ಕಡ್ಡಿ, ಇನ್ನೂರೈವತ್ತರ ಎತ್ತರದಲ್ಲಿ ಅಡ್ಡಕ್ಕೆ ಒಂದು ಕೆಂಪು ಗೆರೆ. ಹಾಗೆ ನೋಡಿದರೆ ಆ ಅಂಗಡಿಯಲ್ಲಿ ತಯಾರಾದ ಗ್ರಾಫುಗಳಲ್ಲೆಲ್ಲ ಅದೇ ಚೆಂದದ್ದು. ಯಾರದೋ ಇಲಿ, ಯಾರದೋ ಸಸಿಗಳ ಲೆಕ್ಕ ಹಾಕಿದವಳು ಮೊದಲ ಸಲ ತನ್ನವರೊಬ್ಬರ ಲೆಕ್ಕ ಹಾಕುತ್ತಿದ್ದಳು. ಮುತುವರ್ಜಿ ಹೆಚ್ಚಿತ್ತು.

ಚಳಿಗಾಲದಲ್ಲಿ ಚುಕ್ಕೆಗಳು ಗೆರೆಗಿಂತ ಮೇಲೇ ಇದ್ದವು. ಮಾರ್ಚಿನಲ್ಲಿ ಅವರ ರಸ್ತೆಯನ್ನು ಪೈಪಿಗೆಂದು ಅಗೆದು ಹಾಕಿದರು. ಮನೆಯೊಳಗಿನ ಪಾತ್ರೆಯ ಮೇಲೂ ಕೆಂಧೂಳು. ಮುದುಕನ ಕೆಮ್ಮು ಏರಿತು, ಚುಕ್ಕೆಗಳು ಒಂದೊಂದಾಗಿ ಗೆರೆಯ ಕೆಳಕ್ಕೆ ಇಳಿದವು. ಜಯಂತಿ ಹತ್ತಿರ ಬಂದಂತೆ ಭಾಗ್ಯಳ ಎದೆಯಲ್ಲಿ ಭಯ ಕೂತಿತು. ಅಮ್ಮ ಸಾಯುವಾಗ ಆಸ್ಪತ್ರೆಯ ಬಾಗಿಲಲ್ಲಿ ಅವಳು ಒಬ್ಬಳೇ ಇದ್ದಳು. ಇನ್ನೊಮ್ಮೆ ಹಾಗೆ ನಿಲ್ಲುವ ಶಕ್ತಿ ಅವಳಿಗೆ ಇರಲಿಲ್ಲ.

ಜಯಂತಿಯ ಹಿಂದಿನ ದಿನ ಅವಳು ಗ್ರಾಫನ್ನು ಪ್ರಿಂಟ್ ತೆಗೆದು ಮನೆಗೆ ತಂದು ಅಪ್ಪನ ಮುಂದೆ ಹಿಡಿದಳು.

"ನೋಡಪ್ಪ, ಈ ವಾರ ಪೂರ್ತಿ ಕೆಳಗೇ ಇದೆ. ಡಾಕ್ಟರು ಏನಂದಿದ್ರು? ನಾಳೆ ನೀನು ಊದೋದು ಬೇಡ."

ಚಿಕ್ಕಮುನಿಯಪ್ಪ ಕನ್ನಡಕ ಏರಿಸಿಕೊಂಡು ಹಾಳೆಯನ್ನು ದೀಪಕ್ಕೆ ಒಡ್ಡಿ ನೋಡಿದ. "ಚುಕ್ಕಿ ಕೆಳಗಿದೆ, ಸರಿ. ಈ ಕಡ್ಡಿ ಗೆರೆ ದಾಟಿ ಮೇಲೆ ಹೋಗಿದೆಯಲ್ಲಮ್ಮ. ಇದೇನು?"

"ಅಷ್ಟು ಇದ್ರೂ ಇರ್ಬೋದು ಅಂತ ಅಷ್ಟೇ. ಕೆಳಗೂ ಅಷ್ಟೇ ಉದ್ದ ಇದೆ ನೋಡು. ಅಷ್ಟು ಕಮ್ಮಿನೂ ಇರ್ಬೋದು."

"ಕೆಳಗಿಂದೇ ಯಾಕೆ ನೋಡ್ತೀಯ? ಮೇಲಿಂದು ನೋಡು."

"ಅಪ್ಪಾ, ಆಟ ಆಡ್ಬೇಡ."

"ಆಟ ಎಲ್ಲಮ್ಮ ಆಡ್ತಿದೀನಿ? ನಾನು ಮೊದಲನೇ ಸಲ ಊದಿದಾಗ ಮುಳ್ಳು ಎಲ್ಲಿಗೆ ಹೋಗತ್ತೆ, ನೀನೇ ನೋಡ್ತೀಯಲ್ಲ ದಿನಾ. ನನಗೆ ಬೇಕಾಗಿರೋದು ಒಂದೇ ಹಾಡು. ಒಂದ್ ಸಲ."

"ಒಂದ್ ಸಲ ಬಂದಿದ್ದು ಲೆಕ್ಕಕ್ಕಿಲ್ಲ" ಎಂದಳು ಭಾಗ್ಯ. ಅಂಗಡಿಯಲ್ಲಿ ಎಷ್ಟೋ ಹುಡುಗರಿಗೆ ಹೇಳಿದ ಮಾತು, ಅದೇ ಧಾಟಿಯಲ್ಲಿ ಬಾಯಿಗೆ ಬಂತು. ಆಮೇಲೆ ದನಿ ಒಡೆಯಿತು. "ಅಷ್ಟು ಜನದ ಮುಂದೆ ನೀನು ಉಸಿರು ಸಿಗದೆ ಬಿದ್ರೆ ನಾನು ಏನ್ ಮಾಡ್ಲಿ ಹೇಳು? ಅಮ್ಮನ್ನೂ ನಾನೇ ಕಳಿಸಿದ್ದು. ನಿನ್ನೂ ಕಳಿಸ್ಲಾ?"

ಮುರಳಿ ಅಡುಗೆಮನೆ ಬಾಗಿಲಲ್ಲಿ ನಿಂತು, ಯಾರ ಪರ ಮಾತಾಡಿದರೂ ಕಷ್ಟವೆಂದು ತಟ್ಟೆ ಒರೆಸುತ್ತಿದ್ದ. ಚಿಕ್ಕಮುನಿಯಪ್ಪ ಹಾಳೆಯನ್ನು ಮಡಿಸಿ ಮಗಳ ಕೈಗೆ ಕೊಟ್ಟ. "ಆಯ್ತು ಬಿಡು. ಊದಲ್ಲ. ಅಳಬೇಡ" ಎಂದ.

ಜಯಂತಿಯ ಬೆಳಿಗ್ಗೆ ಅವನು ಮೀಟರಿಗೆ ಊದಲಿಲ್ಲ. ಟ್ರಂಪೆಟ್ ಪೆಟ್ಟಿಗೆ ಹಿಡಿದು, ಇನ್ನೊಬ್ಬರಿಗೆ ಕೊಟ್ಟು ಬರುತ್ತೇನೆಂದು ಮೊದಲ ಬಸ್ಸಿಗೇ ಹಲಸೂರಿಗೆ ಹೋದ. ಭಾಗ್ಯ, ಮುರಳಿ ಹೋಗುವ ಹೊತ್ತಿಗೆ ಬೀದಿ ತುಂಬ ನೀಲಿ ಬಾವುಟ. ಬ್ಯಾಂಡಿನ ಯಜಮಾನ ಮುನಿವೆಂಕಟಪ್ಪನ ತಂಗಿಯ ಮಗ ಪಟದ ಮುಂದೆ ನಿಂತು ಊದಿದ. ಎತ್ತರದ ಸ್ವರಕ್ಕೆ ಹೋದಾಗ ದನಿ ಸೀಳಿತು. ಜನ ದೊಡ್ಡ ಮನಸ್ಸು ಮಾಡಿ ಚಪ್ಪಾಳೆ ಹೊಡೆದರು. ಚಿಕ್ಕಮುನಿಯಪ್ಪ ಶಾಮಿಯಾನದ ಕೆಳಗೆ ಮಜ್ಜಿಗೆ ಹಂಚುವವರ ಜೊತೆ ನಿಂತಿದ್ದ. ಲೋಟ ತುಂಬುವುದನ್ನು ಅವನು ನಿಲ್ಲಿಸಲೂ ಇಲ್ಲ, ತಲೆಯೆತ್ತಲೂ ಇಲ್ಲ. ಅಪ್ಪ ಬದುಕಿದ್ದಾನಲ್ಲ, ಅದೇ ಸಾಕು ಎಂದುಕೊಂಡಳು ಭಾಗ್ಯ. ಮುನಿವೆಂಕಟಪ್ಪ ಮಾತ್ರ ಅವತ್ತು ಅವಳ ಹತ್ತಿರ ಮಾತಾಡಲಿಲ್ಲ.

ಆಮೇಲೆ ಆ ಮೀಟರನ್ನು ಚಿಕ್ಕಮುನಿಯಪ್ಪ ಬಾಯಿಗೆ ಇಡಲೇ ಇಲ್ಲ. "ಇನ್ಯಾಕಮ್ಮ?" ಎನ್ನುತ್ತಿದ್ದ. ಸಿಟ್ಟಿರಲಿಲ್ಲ, ಮುನಿಸಿರಲಿಲ್ಲ, ಕರೆದರೆ ಊಟಕ್ಕೆ ಬರುತ್ತಿದ್ದ. ಜಗಳವಾಡುವ ಅಪ್ಪನನ್ನು ಸಂಭಾಳಿಸುವುದು ಅವಳಿಗೆ ಗೊತ್ತಿತ್ತು, ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಅಪ್ಪನನ್ನು ಹೇಗೆ ನೋಡಿಕೊಳ್ಳಬೇಕೋ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಜ್ವರ ಬಂತು, ಎದೆಗೆ ಇಳಿಯಿತು, ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ವಯಸ್ಸಾಗಿತ್ತು ಎಂದರು ಎಲ್ಲರೂ. ಮುನಿವೆಂಕಟಪ್ಪ ಬಂದು, ಬ್ಯಾಂಡಿನವರನ್ನೆಲ್ಲ ಕರೆಸಿ, ಚಟ್ಟದ ಮುಂದೆ ಕಲ್ಪಳ್ಳಿ ಸ್ಮಶಾನದವರೆಗೂ ಊದಿಸಿದ.

ದುಃಖದಲ್ಲೂ ಭಾಗ್ಯಳಿಗೆ ಒಂದು ಸಮಾಧಾನವಿತ್ತು. ಅವತ್ತು ತಡೆದಿದ್ದಕ್ಕೇ ಇಷ್ಟು ದಿನ ಉಳಿದ, ಇಲ್ಲದಿದ್ದರೆ ಏಪ್ರಿಲ್‌ನಲ್ಲೇ ಹೋಗಿಬಿಡುತ್ತಿದ್ದ. ಈ ಮಾತನ್ನು ಅವಳು ಮುರಳಿಗೆ ಹೇಳುತ್ತಿದ್ದಳು, ಸನಾವುಲ್ಲಾನಿಗೆ ಹೇಳುತ್ತಿದ್ದಳು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದಳು. ಅದೊಂದನ್ನು ಹಿಡಿದುಕೊಂಡೇ ಓಡಾಡುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಭವ್ಯ ಎಂಬ ಹುಡುಗಿ ಅಂಗಡಿಗೆ ಬಂದಳು. ಎಂ.ಡಿ. ಓದುತ್ತಿದ್ದಳು. ಶಿವಾಜಿನಗರದ ರಸ್ತೆ ಬದಿಯ ವ್ಯಾಪಾರಿಗಳಿಗೆ ಹೊಗೆಯಿಂದ ಉಸಿರಿನ ಬಲ ಎಷ್ಟು ಕುಗ್ಗಿದೆ ಎಂದು ಅಳೆದು ತಂದಿದ್ದಳು. ಭಾಗ್ಯ ಫೈಲು ತೆರೆದಳು. ಪ್ರತಿ ಹೆಸರಿನ ಮುಂದೆ ಮೂರು ಅಂಕಿ. ನೋಡಿದೊಡನೆ ಅದೇ ಮೀಟರು ಎಂದು ಗೊತ್ತಾಯಿತು. ಅಪ್ಪನ ನೆನಪು ಬಂತು. ಆದರೂ ಕೈ ತನ್ನ ಕೆಲಸ ನಡೆಸಿತ್ತು. ಸರಾಸರಿಯ ಸಾಲು ಹಾಕಿ, ಪಕ್ಕದಲ್ಲಿ ಕಡ್ಡಿಯ ಲೆಕ್ಕ ಶುರು ಮಾಡಿದಳು.

"ಅಯ್ಯೋ, ಇದಕ್ಕೆ ಆವರೇಜ್ ತೆಗೀಬಾರ್ದು ಮೇಡಂ" ಎಂದಳು ಪಕ್ಕದಲ್ಲಿ ಕೂತಿದ್ದ ಭವ್ಯ. "ಮೂರರಲ್ಲಿ ಯಾವುದು ಜಾಸ್ತಿ ಬಂದಿದೆಯೋ ಅದೊಂದೇ ತಗೋಬೇಕು. ಮಿಕ್ಕಿದ್ದೆರಡು ಬಿಟ್ಬಿಡಿ. ಎರರ್ ಬಾರ್ ಬೇಕಾಗಿರೋದು ಗುಂಪಿನ ಲೆಕ್ಕಕ್ಕೆ, ಒಬ್ಬೊಬ್ಬರಿಗಲ್ಲ."

ಭಾಗ್ಯಳ ಬೆರಳು ನಿಂತಿತು. "ಯಾಕೆ?"

"ಬೇಜಾರಾಗಿ, ಸುಸ್ತಾಗಿ, ಬಾಯಿ ಸರಿಯಾಗಿ ಹಿಡೀದೆ ಕಮ್ಮಿ ಊದ್ಬೋದು. ಆದ್ರೆ ಎದೇಲಿ ಬಲ ಇಲ್ದೆ ಜಾಸ್ತಿ ಊದಕ್ಕೆ ಆಗಲ್ವಲ್ಲ ಮೇಡಂ? ಜಾಸ್ತಿ ಬಂದಿದ್ದೇ ಅವರ ನಿಜವಾದ ಉಸಿರು."

ಭವ್ಯ ಅದನ್ನು ಸುಮ್ಮನೆ, ಮೊಬೈಲ್ ನೋಡುತ್ತಾ ಹೇಳಿದಳು. ಆ ಮಾತು ಎಲ್ಲಿ ಹೋಗಿ ತಾಗಿತು ಎಂದು ಆ ಹುಡುಗಿಗೆ ಗೊತ್ತಾಗುವ ಹಾಗೂ ಇರಲಿಲ್ಲ. ಅವಳು ಟೀ ಕುಡಿದು ಬರುತ್ತೇನೆಂದು ಹೋದ ಮೇಲೆ ಭಾಗ್ಯ ಅಪ್ಪನ ಫೈಲು ತೆಗೆದಳು. ಮೂರರಲ್ಲಿ ದೊಡ್ಡದನ್ನು ಹೆಕ್ಕುವ ಸೂತ್ರ ಬಲು ಚಿಕ್ಕದು, ಸರಾಸರಿಯ ಸೂತ್ರಕ್ಕಿಂತ ಕಷ್ಟದ್ದೇನಲ್ಲ. ಬರೆದು ಕೆಳಗಿನವರೆಗೂ ಎಳೆದಳು. ಗೆರೆಯ ಕೆಳಗಿದ್ದ ಚುಕ್ಕೆಗಳೆಲ್ಲ ಎದ್ದು ಮೇಲೆ ಹೋದವು. ಮಾರ್ಚಿನ ಧೂಳಿನಲ್ಲೂ, ಜಯಂತಿಯ ಹಿಂದಿನ ದಿನವೂ, ಒಂದೂ ಕೆಳಗಿರಲಿಲ್ಲ.

ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟಳು. ಮೊದಲನೇ ಸಲ ಮುಳ್ಳು ಎಲ್ಲಿಗೆ ಹೋಗತ್ತೆ ನೀನೇ ನೋಡ್ತೀಯಲ್ಲ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದ. ಅವನ ನಿಜವಾದ ಉಸಿರಿಗೆ ಬೇಜಾರಿನ ಎರಡು ಉಸಿರನ್ನು ಸೇರಿಸಿ ಭಾಗಿಸಿ, ಇಷ್ಟೇ ನಿನ್ನ ಶಕ್ತಿ ಎಂದು ಅವನ ಕೈಗೇ ಪ್ರಿಂಟ್ ಕೊಟ್ಟಿದ್ದಳು.

"ಅರೆ, ಕ್ಯಾ ಹುವಾ ಭಾಗ್ಯಮ್ಮ? ಹುಷಾರಿಲ್ವಾ?" ಎಂದು ಸನಾವುಲ್ಲಾ ಬೈಂಡಿಂಗ್ ಬಿಟ್ಟು ಎದ್ದು ಬಂದ.

"ಏನಿಲ್ಲ ಭಾಯ್, ಒಂದು ಗಂಟೆ ಹೋಗಿ ಬರ್ತೀನಿ" ಎಂದು ಅವಳು ಚಪ್ಪಲಿ ಮೆಟ್ಟಿದಳು. ದಾರಿಯಲ್ಲಿ ಮುರಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು. "ನೀನು ಒಳ್ಳೇದಕ್ಕೇ ತಾನೇ ಮಾಡಿದ್ದು, ಬಿಡು" ಎಂದ ಅವನು. ಪಾಪ, ಅವನಾದರೂ ಇನ್ನೇನು ಹೇಳಬೇಕು? ಒಳ್ಳೆಯದಕ್ಕೆ ಮಾಡಿದ್ದು ಎಂದೇ ಅವಳಿಗೆ ಉರಿಯುತ್ತಿದ್ದದ್ದು. ಕೇಡಿಗೆ ಮಾಡಿದ್ದರೆ ತಪ್ಪಾಯಿತೆಂದು ಯಾರ ಕಾಲಾದರೂ ಹಿಡಿಯಬಹುದಿತ್ತು.

ಹಲಸೂರಿನ ಮಾರ್ಕೆಟ್ ಬೀದಿಯ ಹಿಂದೆ ಬ್ಯಾಂಡಿನವರ ರೂಮಿದೆ. ಮುನಿವೆಂಕಟಪ್ಪ ಒಬ್ಬನೇ ಕೂತು ಡ್ರಮ್ಮಿಗೆ ಹಗ್ಗ ಬಿಗಿಯುತ್ತಿದ್ದ. ಅವಳ ಮುಖ ನೋಡಿ ಸ್ಟೂಲು ಎಳೆದು ಕೊಟ್ಟ. ಅವಳು ಕೂರಲಿಲ್ಲ.

"ಮಾವ, ನಾನು ಲೆಕ್ಕ ತಪ್ಪು ಹಾಕ್ಬಿಟ್ಟಿದ್ದೆ. ಅಪ್ಪನ ಉಸಿರು ಸರಿಯಾಗೇ ಇತ್ತು. ಡಾಕ್ಟರು ಹೇಳಿದ್ದಕ್ಕಿಂತ ಜಾಸ್ತಿನೇ ಇತ್ತು. ಅವನು ಊದ್ಬೋದಿತ್ತು ಮಾವ. ನಾನೇ ತಡೆದೆ."

ಮುನಿವೆಂಕಟಪ್ಪ ಹಗ್ಗ ಕೆಳಗಿಟ್ಟ. "ಗೊತ್ತಮ್ಮ" ಎಂದ.

"ಏನು ಗೊತ್ತು?"

"ಅವನು ಊದ್ದ ಅವತ್ತು. ಇಲ್ಲೇ. ಟ್ರಂಪೆಟ್ ಕೊಡೋಕ್ ಬಂದ್ನಲ್ಲ, ಬೆಳಿಗ್ಗೆ ಇನ್ನೂ ಯಾರೂ ಬಂದಿರ್ಲಿಲ್ಲ. ಬಾಗ್ಲು ಹಾಕು ಅಂದ. ಶುರುವಿಂದ ಕೊನೇವರ್ಗೂ ಪೂರ್ತಿ ಹಾಡು ಊದ್ದ. ಒಂದ್ ಕಡೆನೂ ಉಸಿರು ಕಟ್ಲಿಲ್ಲ, ಕೆಮ್ಮಲಿಲ್ಲ. ನಾನು ಅಂದೆ, ನಡಿ ಗುರು, ಹಿಂಗೇ ಅಲ್ಲೂ ಊದ್ಬಿಡು, ಮಗಳಿಗೆ ನಾನ್ ಹೇಳ್ತೀನಿ. ಬೇಡ ಅಂದ."

"ಯಾಕೆ ಬೇಡ ಅಂದ?"

ಮುನಿವೆಂಕಟಪ್ಪ ಕೆಳಗಿಟ್ಟ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡ. "ನನ್ ಮಗಳು ಡಾಕ್ಟರ್‌ಗಳಿಗೆಲ್ಲ ಲೆಕ್ಕ ಹಾಕ್ಕೊಡೋಳು, ಕಂಪ್ಯೂಟ್ರಲ್ಲಿ ಹಾಕಿ ನೋಡವ್ಳೆ ಅಂದ. ಅಷ್ಟು ಜನದ ಮುಂದೆ ನಾನು ಊದ್ಬಿಟ್ರೆ ಅವಳ ಲೆಕ್ಕ ಸುಳ್ಳಾಗತ್ತೆ, ಬೇಡ ಕಣಯ್ಯಾ ಅಂದ. ಯಾರಿಗೂ ಹೇಳ್ಬೇಡ ಅಂತ ಮಾತು ತಗೊಂಡ."

ಭಾಗ್ಯಳಿಗೆ ಅಳು ಬರಲಿಲ್ಲ, ಬಂದಿದ್ದರೆ ಹಗುರಾಗುತ್ತಿತ್ತೋ ಏನೋ. ಹೊರಗೆ ಯಾರೋ ಟೊಮೇಟೊ ಕೂಗಿಕೊಂಡು ಹೋದರು.

"ಹೇಗ್ ಊದ್ದ ಮಾವ?" ಎಂದು ಕೊನೆಗೆ ಕೇಳಿದಳು.

"ನೀನು ಹುಟ್ಟೋಕ್ ಮುಂಚೆ ಹೆಂಗ್ ಊದ್ತಿದ್ನೋ, ಹಂಗೇ" ಎಂದ ಮುನಿವೆಂಕಟಪ್ಪ.

ಅವಳು ಅಲ್ಲೇ ಹೊಸಿಲ ಮೇಲೆ ಕೂತಳು. ಅಪ್ಪ ಆ ಹಾಡು ಊದಿದ್ದನ್ನು ಅವಳು ಪ್ರತಿ ವರ್ಷವೂ ಕೇಳಿದ್ದಳು, ಆ ಕೊನೆಯದೊಂದನ್ನು ಬಿಟ್ಟು.